ಮಾಮಿ ಆಟಿಗೆ ಕೂತ ವರ್ಷ

ಅಬ್ಬಾಸಿಯಾ, ಕುವೈತ್
18 ಏಪ್ರಿಲ್ 2025, ಶುಕ್ರವಾರ

ಸ್ವಸ್ತಿ ಶ್ರೀಮತ್ ಸಮಸ್ತ ಅಡುಗೆಮನೆ ಸಾಮ್ರಾಜ್ಯ ಚಕ್ರವರ್ತಿನಿ, ಫ್ರೀಜರ್ ಸಂಸ್ಥಾನದ ಪಟ್ಟದರಸಿ, ನಾಲ್ಕನೇ ಮಹಡಿಯಿಂದ ಕೂಗಿದರೆ ಕೆಳಗಿನ ಬಕಾಲ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ತಾನಾಗಿ ಕಟ್ಟಾಗುವಂಥ ಕಂಠದ ಒಡತಿ, ಮಹಾಮಾತೆ ವಾರಿಜಾ ಮಾಮಿಯವರ ಪಾದಕಮಲಗಳಿಗೆ, ತಮ್ಮ ಗಂಡನ ಅಕ್ಕನ ಮಗನೂ, ತಮ್ಮ ಹಾಲ್‌ನ ಸೋಫಾದಲ್ಲಿ ಕಾಲು ಮಡಚಿ ಮಲಗುವ ಹಕ್ಕು ಪಡೆದವನೂ ಆದ ಲತೀಶನು ಕಾರ್ಪೆಟ್ ಮೇಲೆ ಉದ್ದಂಡ ಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ:

ಇಲ್ಲಿ ಎಲ್ಲ ಕ್ಷೇಮ. ತಾವು ಮಾರ್ಚ್ ಹದಿನಾಲ್ಕರಂದು ಮಗಳು ಅಶ್ಮಿತಕ್ಕನ ಬಾಣಂತನಕ್ಕೆ ಸುರತ್ಕಲ್ಲಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ನನ್ನ ಕಿವಿ ಹಿಂಡಿ ಕೊಟ್ಟ ಅಪ್ಪಣೆ ನೆನಪಿದೆ. "ನಿನ್ನ ಮಾವನ ವಿಷಯ ಕಾಗದದಲ್ಲಿ ಬರೆದು ಊರಿಗೆ ಬರುವವರ ಕೈಯಲ್ಲಿ ಕಳಿಸು. ಫೋನಿನಲ್ಲಿ ಅವರು ಎಲ್ಲದಕ್ಕೂ ಹುಂ ಅಂತಾರೆ. ನೀನು ಹೇಳಿದರೆ ಅಲ್ಲಿ ಸ್ಪೀಕರಿನಲ್ಲಿ ಇಡೀ ಮನೆ ಕೇಳ್ತದೆ." ಆಮೇಲೆ ಮಾವನನ್ನು ಟ್ರಾಲಿಯ ಆಚೆ ಕರೆದು ಏನೋ ಒಂದು ಮಾತು ಹೇಳಿದಿರಿ. ಅದು ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದ್ದು ಮಾತ್ರ ನಿಜ.

ವರದಿ ಹೀಗಿದೆ. ದೇಜಪ್ಪ ಮಾವ ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸಿನಲ್ಲಿ ಸಬ್ಹಾನ್‌ನ ಗೋದಾಮಿಗೆ ಹೋಗುತ್ತಾರೆ, ಸಂಜೆ ನಾಲ್ಕಕ್ಕೆ ಬರುತ್ತಾರೆ. ಬಂದು ಬಾಲ್ಕನಿಯಲ್ಲಿ ಪೇಂಟಿನ ಡಬ್ಬ ಬೋರಲು ಹಾಕಿ ಕೂರುತ್ತಾರೆ. ಪಕ್ಕದಲ್ಲಿ ತಮ್ಮ ಕೆಸುವಿನ ಬಕೆಟ್. ತಾವು ಹೊರಡುವ ಮೊದಲು ಅದರ ಎಲೆಗಳನ್ನೆಲ್ಲ ಕೊಯ್ದುಕೊಂಡಿದ್ದೀರಿ, ಈಗ ಅದರಲ್ಲಿ ಮೊಂಡು ದಂಟು ಮಾತ್ರ ಉಂಟು. ಮಾವ ಅದಕ್ಕೆ ದಿನಾ ನೀರು ಹಾಕುತ್ತಾರೆ. ಇಬ್ಬರೂ ಒಂದೇ ಮುಖಭಾವದಲ್ಲಿ ರಸ್ತೆ ನೋಡುತ್ತಾರೆ.

ಒಳಗೆ ಒಳ್ಳೆಯ ಕುರ್ಚಿ ಖಾಲಿ ಉಂಟಲ್ಲ ಎಂದೆ. "ಅದು ಬಟ್ಟೆ ಮಡಚಿ ಇಡುವ ಕುರ್ಚಿ" ಎಂದರು. ಈಗ ಬಟ್ಟೆ ಮಡಚುವವರು ಯಾರೂ ಇಲ್ಲ ಎಂದೆ. "ಇರಲಿ, ಬರ್ತಾಳಲ್ಲ" ಎಂದರು.

ಇನ್ನು ತಮ್ಮ ಆಳ್ವಿಕೆಯ ಮೇಲೆ ಒಂದು ದೂರು. ನಿನ್ನೆ ವೀಡಿಯೊ ಕಾಲಿನಲ್ಲಿ ಮಗು ಆಕಳಿಸಿದ್ದನ್ನು ನಮಗೆ ಎಂಟು ನಿಮಿಷ ತೋರಿಸಿದಿರಿ. ಆಮೇಲೆ ಮಾವನಿಗೆ "ಊಟ ಆಯ್ತಾ?" ಕೇಳಿದಿರಿ. ಮಾವ "ಆಯ್ತು. ಮತ್ತೆ..." ಎಂದು ಬೆರಳೆತ್ತಿದರು. ಅಷ್ಟರಲ್ಲಿ ಮಗು ಇನ್ನೊಮ್ಮೆ ಆಕಳಿಸಿತು. ಆ ಬೆರಳು ಇನ್ನೂ ಎತ್ತಿಯೇ ಉಂಟು ಎಂದು ನನ್ನ ಭಾವನೆ.

ಫ್ರೀಜರಿನ ಡಬ್ಬಗಳು ತಾವು ಬಿಳಿ ಟೇಪಿನ ಮೇಲೆ ಬರೆದ ತಾರೀಕಿನ ಪ್ರಕಾರವೇ ಹೊರಬರುತ್ತಿವೆ. ಇವತ್ತಿನದ್ದು ಬಂಗುಡೆ ಪುಳಿಮುಂಚಿ. ಶಿಸ್ತಿನ ವಿಷಯದಲ್ಲಿ ಈ ಸೇವಕನ ಮೇಲೆ ಸಂಶಯ ಬೇಡ.

ಇತಿ ತಮ್ಮ ಆಸ್ಥಾನದ ಗೂಢಚಾರ,
ಲತೀಶ್


ಸುರತ್ಕಲ್
6 ಮೇ 2025

ಲತೀಶಾ,

ನಿನ್ನ ಚಕ್ರವರ್ತಿನಿಗೆ ಮೂರು ದಿನದಿಂದ ತಲೆಗೆ ನೀರು ಹಾಕಿಕೊಳ್ಳಲು ಪುರುಸೊತ್ತಿಲ್ಲ. ಮಗು ರಾತ್ರಿ ಎಚ್ಚರ, ಹಗಲು ನಿದ್ದೆ. ಅಶ್ಮಿತಾ ಇನ್ನೂ ಸುಧಾರಿಸಿಕೊಳ್ಳಬೇಕು. ಮೂರು ತಿಂಗಳು ಅಂತ ಹೇಳಿ ಬಂದೆ, ಆಗುವ ಹಾಗೆ ಕಾಣುವುದಿಲ್ಲ.

ಬೆರಳು ಎತ್ತಿದರು ಅಂತ ಬರೆದಿದ್ದಿ. ಇಪ್ಪತ್ತೇಳು ವರ್ಷದಿಂದ ಎತ್ತುತ್ತಿದ್ದಾರೆ ಮಾರಾಯ. ಬಾಯಿ ಬಿಟ್ಟು ಇಂಥದ್ದು ಬೇಕು ಅಂತ ಒಂದು ದಿನ ಕೇಳಿದವರಲ್ಲ. ಮದುವೆಯಾದ ವರ್ಷ ನಮ್ಮ ಕಡೆಯ ಕ್ರಮದಂತೆ ನಾನು ಆಟಿ ತಿಂಗಳಿಗೆ ತಾಯಿಮನೆಗೆ ಹೋಗಿ ಕೂತೆ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಕೂಡಲೇ ಗಂಡನ ಮನೆಯಿಂದ ಕರೆಯಲು ಬರಬೇಕು. ಇವರು ಬಂದರು. ಬಂದು ಜಗಲಿಯಲ್ಲಿ ಕೂತು ಎರಡು ಲೋಟ ಬೆಲ್ಲದ ನೀರು ಕುಡಿದು, ನಮ್ಮ ಅಪ್ಪನ ಹತ್ತಿರ ಬಸ್ಸಿನ ಸಮಯ ಕೇಳಿ ಎದ್ದು ಹೊರಟರು. ಕರೆಯಲು ಬಂದದ್ದು ಅಂತ ಹೇಳಲೇ ಇಲ್ಲ. ನಾನೇ ಚೀಲ ಹಿಡಿದು ಹಿಂದೆ ಓಡಿದೆ.

ಈ ಸಲ ಓಡುವುದಿಲ್ಲ. ಬಾ ಅಂತ ಹೇಳಲಿ, ಆಗ ನೋಡುವ.

ಡಬ್ಬಗಳ ಕ್ರಮ ತಪ್ಪಿಸಬೇಡ. ಕೆಳಗಿನ ಡ್ರಾಯರಿಗೆ ಕೈ ಹಾಕಬೇಡ, ಅಲ್ಲಿ ನಿನಗೆ ಕೆಲಸವಿಲ್ಲ. ತಲೆಗೆ ಎಣ್ಣೆ ಹಾಕಿಕೋ. ಅಲ್ಲಿಯ ನೀರಿಗೆ ನಿನ್ನ ಕೂದಲು ನಿಲ್ಲುವುದಿಲ್ಲ.

ಮಾಮಿ


ಅಬ್ಬಾಸಿಯಾ
13 ಜೂನ್ 2025, ಶುಕ್ರವಾರ

ಅಖಂಡ ಸುರತ್ಕಲ್ ಮಂಡಲಾಧೀಶ್ವರಿ, ತೊಟ್ಟಿಲು ತೂಗುವ ಕೈಯಿಂದಲೇ ಇಲ್ಲಿಯ ಗಂಡಸರ ಹಣೆಬರಹವನ್ನೂ ತೂಗುತ್ತಿರುವ ವಾರಿಜಾ ಮಾಮಿಯವರ ಸನ್ನಿಧಾನಕ್ಕೆ,

ಭಾರವಾದ ಹೃದಯದಿಂದ ಬರೆಯುತ್ತಿದ್ದೇನೆ. ಹೊರಗೆ ನಲವತ್ತೆಂಟು ಡಿಗ್ರಿ. ಹೃದಯಕ್ಕೆ ಅದೂ ಒಂದು ಕಾರಣ ಇರಬಹುದು.

ಮೊದಲು ಮೇ ಇಪ್ಪತ್ತೆರಡರ ವಿಷಯ. ಅದು ತಮ್ಮ ಮದುವೆಯ ದಿನ ಎಂದು ನಾನು ಹೇಳಬೇಕಾಗಿಲ್ಲ. ಆ ಗುರುವಾರ ಮಾವ ಪರ್ಮಿಷನ್ ಹಾಕಿ ಎರಡು ಗಂಟೆಗೇ ಮನೆಗೆ ಬಂದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಇದು ಎರಡನೇ ಪರ್ಮಿಷನ್ನಂತೆ, ಮೊದಲನೆಯದು ಅಶ್ಮಿತಕ್ಕ ಹುಟ್ಟಿದಾಗ. ಸ್ನಾನ ಮಾಡಿದರು, ಇಸ್ತ್ರಿಯ ಶರ್ಟು ಹಾಕಿದರು. ಆಮೇಲೆ ಫ್ರೀಜರಿನ ಮುಂದೆ ಕೂತು ಕೆಳಗಿನ ಡ್ರಾಯರ್ ಎಳೆದರು. ನೋಡಿದರು. ಮುಚ್ಚಿದರು. ಚಾ ಕುಡಿದು ಬಂದು ಇನ್ನೊಮ್ಮೆ ಎಳೆದರು. ಮೂರನೇ ಸಲ ಬಟಾಣಿ ಪ್ಯಾಕೆಟ್‌ಗಳನ್ನೆಲ್ಲ ಹೊರಗಿಟ್ಟು, ಟಾರ್ಚ್ ಬಿಟ್ಟು ನೋಡಿದರು. "ಎಂತ ಹುಡುಕುದು ಮಾವ?" ಎಂದೆ. "ಎಂತ ಇಲ್ಲ. ಐಸ್ ಜಾಸ್ತಿ ಕಟ್ಟಿದೆ" ಎಂದರು.

ಅವತ್ತು ರಾತ್ರಿಯ ಊಟಕ್ಕೆ ಕೆಳಗಿನ ಹೋಟೆಲಿನ ದಾಲ್, ಎರಡು ಖುಬೂಸ್ ರೊಟ್ಟಿ. ಶರ್ಟು ಬದಲಿಸದೆ ತಿಂದರು. ಎಂಟು ಗಂಟೆಗೆ ತಾವು ಫೋನ್ ಮಾಡಿ ಊಟ ಆಯ್ತಾ ಎಂದಿರಿ. ಆಯ್ತು ಎಂದರು. ಎಂತ ಊಟ ಎಂದಿರಿ. "ಇದ್ದದ್ದು" ಎಂದರು. ಅಲ್ಲಿಗೆ ಫೋನ್ ಮುಗಿಯಿತು. ಮಗುವಾದರೂ ಆಕಳಿಸಬಾರದಿತ್ತೇ.

ಮಾಮಿ, ಇಂಥ ಗಂಡಸು ಎಲ್ಲಿಗೆ ಹೋದಾನು? ನಾನು ಹೇಳುತ್ತೇನೆ. ಎರಡನೇ ಮಹಡಿಗೆ.

ಹೌದು, ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಇಸಾಬೆಲ್ ಬಾಯಿಯ ಫ್ಲ್ಯಾಟಿಗೆ. ಮೂರು ಶುಕ್ರವಾರವಾಯಿತು. ಅದೇ ಇಸ್ತ್ರಿ ಶರ್ಟು. ಕೈಯಲ್ಲಿ ಬಟ್ಟೆ ಮುಚ್ಚಿದ ಏನೋ ಭಾರದ ವಸ್ತು. ಲಿಫ್ಟಿನಲ್ಲಿ ಅದನ್ನು ಎದೆಗೆ ಅವಚಿಕೊಂಡು ಇಳಿಯುತ್ತಾರೆ. ಇಸಾಬೆಲ್ ಬಾಯಿ ಬಾಗಿಲು ತೆರೆದು "ಬನ್ನಿ ದೇಜಪ್ಪಣ್ಣ, ಕಾಯ್ತಾ ಇದ್ದೆ" ಎನ್ನುತ್ತಾರೆ. ಕಾಯ್ತಾ ಇದ್ದೆ. ಈ ಎರಡು ಶಬ್ದಗಳ ಮೇಲೆ ನಾನು ಟಿಪ್ಪಣಿ ಬರೆಯುವುದಿಲ್ಲ. ಒಂದು ಗಂಟೆಯ ನಂತರ ಮಾವ ಮೇಲೆ ಬರುವಾಗ ಮುಖದಲ್ಲಿ ಒಂದು ತರದ ಕಳೆ. ಕೇಳಿದರೆ "ಪರವಾಗಿಲ್ಲ, ಸುಧಾರಿಸ್ತಾ ಉಂಟು" ಎನ್ನುತ್ತಾರೆ. ಯಾರು ಸುಧಾರಿಸುತ್ತಿರುವುದು ಎಂದು ಹೇಳುವುದಿಲ್ಲ.

ಕೊನೆಯ ಮಾತು, ಇದು ತಮಾಷೆಯಲ್ಲ. ಸೆಪ್ಟೆಂಬರ್ ಹದಿನಾಲ್ಕಕ್ಕೆ ತಾವು ಹೋಗಿ ಆರು ತಿಂಗಳಾಗುತ್ತದೆ. ಅದು ದಾಟಿದರೆ ತಮ್ಮ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಖಲಾಸ್. ಮತ್ತೆ ಬರಬೇಕೆಂದರೆ ಮೊದಲಿನಿಂದ ವೀಸಾ ಮಾಡಿಸಬೇಕು, ಮಾವನ ರಿಟೈರ್‌ಮೆಂಟಿಗೆ ಎರಡು ವರ್ಷ ಇರುವಾಗ ಕಂಪನಿ ಮಾಡಿಸುತ್ತದೋ ಇಲ್ಲವೋ. ಮಾವ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕಿ ಇಟ್ಟಿದ್ದಾರೆ. ಯಾರಿಗೂ ಕಾಣಬಾರದೆಂದು ಅಷ್ಟು ಸಣ್ಣದು.

ಈ ಪತ್ರವನ್ನು ನಾಳೆ ರಜೆಯಲ್ಲಿ ಊರಿಗೆ ಹೊರಡುವ ಗೆಳೆಯ ಬರ್ನಾರ್ಡ್‌ನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದುಬಿಡಿ.

ದುಃಖತಪ್ತ,
ಲತೀಶ್


ಸುರತ್ಕಲ್
9 ಜುಲೈ 2025

ಲತೀಶಾ,

ನಿನ್ನ ಬರ್ನಾರ್ಡ್‌ನ ರಜೆ ಕೊನೆಯ ಗಳಿಗೆಯಲ್ಲಿ ಕ್ಯಾನ್ಸಲ್ ಆಯಿತಂತೆ. ಅವನು ಆ ಕವರನ್ನು ಅದೇ ವಿಮಾನದಲ್ಲಿ ಬರುವವರಿಗೆ ದಾಟಿಸಿದ. ಯಾರಿಗೆ ಗೊತ್ತುಂಟಾ? ಇಸಾಬೆಲ್ ಬಾಯಿಗೆ.

ಬೇರೆಯವರ ಕವರ್ ಬ್ಯಾಗಿಗೆ ಹಾಕುವ ಮೊದಲು ಬಿಚ್ಚಿ ನೋಡುವುದು ಗಲ್ಫಿನವರ ಕ್ರಮ ಅಂತ ನಿನಗೆ ನಾನು ಕಲಿಸಬೇಕಾ? ಅವರು ನೋಡಿದರು. ಬರೀ ನೋಡಲಿಲ್ಲ. ನಮ್ಮ ಸಿಟ್‌ಔಟಿನಲ್ಲಿ ಕೂತು, ಕನ್ನಡಕ ಹಾಕಿ, ನನಗೆ ಜೋರಾಗಿ ಓದಿ ಹೇಳಿದರು. "ಕಾಯ್ತಾ ಇದ್ದೆ. ಈ ಎರಡು ಶಬ್ದಗಳ ಮೇಲೆ" ಅಂತ ಬರುವಾಗ ಅವರಿಗೆ ನಗು ತಡೆಯದೆ ಚಾ ಮೂಗಿಗೆ ಏರಿತು. ಅವರ ಗಂಡ ಡೋಲ್ಫಿ ಬಾಗಿಲಲ್ಲಿ ನಿಂತು, "ನಾನೂ ಆ ಒಂದು ಗಂಟೆ ಅಲ್ಲೇ ಇರ್ತೇನಲ್ಲ, ನನ್ನ ಹೆಸರು ಯಾಕೆ ಹಾಕಲಿಲ್ಲ?" ಅಂತ ಬೇಜಾರು ಮಾಡಿಕೊಂಡರು.

ಬಟ್ಟೆ ಮುಚ್ಚಿದ್ದು ಕೆಸುವಿನ ಬಕೆಟ್ ಅಂತ ನಿನಗೆ ಸರಿಯಾಗಿ ಗೊತ್ತಿತ್ತು, ಪೋಕರಿ. ಬಿಸಿಲಿಗೆ ಬಾಡಿದೆ ಅಂತ ತಂದು ತೋರಿಸುತ್ತಿದ್ದರಂತೆ. ಇಸಾಬೆಲ್ ಬಾಯಿ ಮೀನು ತೊಳೆದ ನೀರು ಹಾಕಿ, ಒಳಗೆ ಎಸಿಯ ಹತ್ತಿರ ಇಡಿ ಅಂದರಂತೆ. ಇವರು ಪ್ರತಿ ವಾರ ಹೋಗಿ ಮಗುವಿಗೆ ಸೂಜಿ ಚುಚ್ಚಿಸಲು ಬಂದವರ ಹಾಗೆ ಕೈಕಟ್ಟಿ ಕೂರುತ್ತಿದ್ದರಂತೆ. "ವಾರಿಜ ಬರುವಾಗ ಇದು ಸತ್ತಿರಬಾರದು" ಅಂತ ಹೇಳಿದರಂತೆ. ನನಗಲ್ಲ. ಇಸಾಬೆಲ್ ಬಾಯಿಗೆ.

ಒಂದು ವಿಷಯ. ಮೇ ಇಪ್ಪತ್ತೆರಡಕ್ಕೆ ದಾಲ್ ಮತ್ತು ಖುಬೂಸ್ ಅಂತ ಬರೆದಿದ್ದಿ. ಅದನ್ನು ಮಾತ್ರ ಅವರು ಹೋದ ಮೇಲೆ ನಾನೊಬ್ಬಳೇ ಕೂತು ಇನ್ನೊಮ್ಮೆ ಓದಿದೆ. ಅದು ನಿನ್ನ ಕಟ್ಟುಕಥೆಯಾ, ಕಣ್ಣಾರೆ ಕಂಡದ್ದಾ? ನಿಜ ಹೇಳು.

ಇದನ್ನೂ ಇಸಾಬೆಲ್ ಬಾಯಿಯೇ ತರುತ್ತಾರೆ. ಅವರ ಮುಖ ನೋಡಿ ಕವರ್ ತೆಗೆದುಕೋ. ಅದೇ ನಿನಗೆ ಶಿಕ್ಷೆ.

ಮಾಮಿ


ಅಬ್ಬಾಸಿಯಾ
18-7-2025

ವಾರಿಜಾಳಿಗೆ,

ಕ್ಷೇಮ. ನೀನೂ ಮಗಳೂ ಮಗುವೂ ಕ್ಷೇಮವೆಂದು ತಿಳಿದಿದ್ದೇನೆ. ಬೇರೆ ಕಾಗದ ಸಿಗಲಿಲ್ಲ, ಗೋದಾಮಿನ ಡೆಲಿವರಿ ನೋಟಿನ ಹಿಂಬದಿಯಲ್ಲಿ ಬರೆದಿದ್ದೇನೆ. ಬರ್ನಾರ್ಡ್‌ಗೆ ಕೊನೆಗೂ ರಜೆ ಸಿಕ್ಕಿತು, ಇವತ್ತು ಹೊರಡುತ್ತಾನೆ.

ಇಸಾಬೆಲ್ ಬಾಯಿ ನನಗೆ ಬೈದರು. "ಬಾಯಿ ಬಿಡಲಿಕ್ಕೆ ನಿಮಗೆ ವೀಸಾ ಕೊಟ್ಟ ಕಫೀಲನ ಸಹಿ ಬೇಕಾ?" ಅಂತ ಕೇಳಿದರು. ಅದಕ್ಕೆ ಬರೆಯುತ್ತಿದ್ದೇನೆ.

ಏರ್‌ಪೋರ್ಟಿನಲ್ಲಿ ನೀನು "ಮದುವೆಯ ದಿನ ಕೆಳಗಿನ ಡ್ರಾಯರ್ ನೋಡಿ" ಎಂದು ಹೇಳಿದ್ದಿ. ನೋಡಿದೆ. ಇರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಇಡಲು ಮರೆತಿರಬೇಕು. ನಿನಗೆ ಆಗ ನೂರು ಕೆಲಸ ಇತ್ತು. ಅದನ್ನು ಫೋನಿನಲ್ಲಿ ಹೇಳಿದರೆ ಮರೆತದ್ದಕ್ಕೆ ನೀನು ಬೇಸರ ಮಾಡುತ್ತೀ ಎಂದು ಹೇಳಲಿಲ್ಲ. ಪರವಾಗಿಲ್ಲ.

ಗೋದಾಮಿನಲ್ಲಿ ಮೊದಲು ಬಂದ ಮಾಲು ಮೊದಲು ಹೋಗಬೇಕು. ಮನೆಯಲ್ಲಿ ಹಾಗಲ್ಲ, ಕೊನೆಗೆ ಬಂದವರನ್ನು ಮೊದಲು ನೋಡಬೇಕು. ಮಗು ಕೊನೆಗೆ ಬಂದದ್ದು. ಅದು ಸರಿಯೇ.

ಆದರೂ ಸೆಪ್ಟೆಂಬರ್ 14 ಬರುತ್ತಾ ಇದೆ.

ನಿನ್ನೆ ಆಟಿ ಹುಟ್ಟಿತು. ಆ ವರ್ಷ ನಿಮ್ಮ ಜಗಲಿಯಲ್ಲಿ ಕೂತಾಗ ನಿನ್ನನ್ನು ಕರೆಯಲು ಬಂದೆ ಎಂದು ಹೇಳಬೇಕೆಂದೇ ಇತ್ತು. ನಿಮ್ಮ ಅಪ್ಪ ಅಡಿಕೆ ಕತ್ತರಿಸುತ್ತಾ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಬಸ್ಸಿನ ಸಮಯ ಬಂತು.

ಸೋಣ ಹುಟ್ಟಿದ ಮೇಲೆ ಬಾ.

ದೇಜಪ್ಪ


ಸುರತ್ಕಲ್
5 ಆಗಸ್ಟ್ 2025

ಇವರಿಗೆ,

ನಿಮ್ಮ ಪತ್ರ ತಲುಪಿತು. ಹಿಂಬದಿಯಲ್ಲಿ ನಲವತ್ತು ಕಾರ್ಟನ್ ಫ್ಲೋರ್ ಕ್ಲೀನರ್ ಅಂತ ಇತ್ತು. ಎರಡೂ ಬದಿ ಓದಿದೆ.

ಇಟ್ಟಿದ್ದೆ. ಪತ್ರೊಡೆ. ಚಳಿಗಾಲ ಇಡೀ ಬಕೆಟಿನಲ್ಲಿ ಬೆಳೆಸಿದ ಎಂಟು ಕೆಸುವಿನ ಎಲೆಗೆ ಹಿಟ್ಟು ಸವರಿ ಬೇಯಿಸಿದ್ದು. ನೀಲಿ ಮುಚ್ಚಳದ ಡಬ್ಬ, ಬಟಾಣಿಯ ಅಡಿಯಲ್ಲಿ, ಟೇಪ್ ಅಂಟಿಸಿ ಹೆಸರು ಬರೆದೇ ಇಟ್ಟದ್ದು. ನಾನು ಮರೆಯಲಿಲ್ಲ.

ಆ ರಾತ್ರಿ ಊಟ ಎಂತ ಅಂತ ಕೇಳಿದ್ದು ಅದಕ್ಕೇ. ನೀವು "ಇದ್ದದ್ದು" ಅಂದಿರಿ. ಪತ್ರೊಡೆ ತಿಂದು ಇದ್ದದ್ದು ಅಂತಾರಲ್ಲ, ಅಷ್ಟು ಕೆಟ್ಟಿತ್ತಾ ಅಂತ ಎಣಿಸಿದೆ. ಅಲ್ಲಿಯ ಎಲೆ ಅಲ್ವಾ, ಹುಳಿ ಕಡಿಮೆಯಾಗಿ ಗಂಟಲು ತುರಿಸಿತೋ ಏನೋ, ಹೇಳಲಿಕ್ಕಾಗದೆ ಸುಮ್ಮನಾದರೋ ಅಂತ. ಎರಡು ತಿಂಗಳು ಅದೇ ಯೋಚನೆ. ಬಾಣಂತನ ಮೇ ಕೊನೆಗೇ ಮುಗಿದಿತ್ತು. ಅಶ್ಮಿತಾ "ಅಮ್ಮ ನೀನು ಹೋಗು" ಅಂತ ಹೇಳಿ ಎಷ್ಟು ದಿನವಾಯಿತು ಗೊತ್ತಾ? ಹೋಗಿ ಎಂತ ಮಾಡುವುದು, ಅಲ್ಲಿ ಯಾರಿಗೂ ಅಗತ್ಯ ಇಲ್ಲ ಅಂತ ಕೂತಿದ್ದೆ.

ಈಗ ಕರೆದಿರಿ. ಟಿಕೆಟ್ ಆಯಿತು. ಸೋಣದ ಮೊದಲ ಶುಕ್ರವಾರ, ಇಪ್ಪತ್ತೆರಡಕ್ಕೆ. ಇಲ್ಲಿ ಈಗ ದಾರಿಬದಿಯಲ್ಲೆಲ್ಲ ಕೆಸು. ಮೂರು ಕಟ್ಟು ಎಲೆ ತರುತ್ತೇನೆ.

ಏರ್‌ಪೋರ್ಟಿನಲ್ಲಿ ಬಸ್ಸಿನ ಸಮಯ ಕೇಳಬೇಡಿ.

ವಾರಿಜಾ

ಡಬ್ಬ ಎಲ್ಲಿ ಹೋಯಿತು ಅಂತ ಆ ಲತೀಶನ ಹತ್ತಿರ ಒಮ್ಮೆ ಕೇಳಿ.


ಅಬ್ಬಾಸಿಯಾ
22 ಆಗಸ್ಟ್ 2025, ಶುಕ್ರವಾರ

ಸಮಸ್ತ ಪೃಥ್ವೀ ಆಕಾಶ ಮಾರ್ಗವಾಗಿ ಸ್ವಸ್ಥಾನಕ್ಕೆ ಮರಳಿ ಚಿತ್ತೈಸಿದ, ಇಕಾಮಾ ರಕ್ಷಿಣಿ, ಮೂರು ಕಟ್ಟು ಕೆಸುವಿನ ಹಸ್ತೆ, ಕ್ಷಮಾಗುಣದಲ್ಲಿ ಭೂಮಿಯನ್ನು ಮೀರಿಸುವವರು ಎಂದು ಈ ಸೇವಕ ಇವತ್ತು ವಿಶೇಷವಾಗಿ ನಂಬಲು ಇಷ್ಟಪಡುವ ವಾರಿಜಾ ಮಾಮಿಯವರಿಗೆ,

ಗಂಡನ ಮನೆಯ ಕಡೆಯವನಾಗಿ, ಅಳಿಯನಾಗಿ, ತಮ್ಮನ್ನು ಕ್ರಮಪ್ರಕಾರ ಸ್ವಾಗತಿಸುತ್ತಿದ್ದೇನೆ. ಎದುರಿಗೆ ಇಲ್ಲದೆ ಸ್ವಾಗತಿಸುತ್ತಿರುವುದಕ್ಕೆ ಕಾರಣ ಮುಂದೆ ಉಂಟು.

ಬಂದ ಕೂಡಲೇ ಕೈಕಾಲು ತೊಳೆಯುವ ಮೊದಲೇ ಫ್ರೀಜರ್ ತೆರೆಯುತ್ತೀರಿ ಎಂದು ನನಗೆ ಗೊತ್ತು. ಅದಕ್ಕೇ ಈ ಕವರನ್ನು ಕೆಳಗಿನ ಡ್ರಾಯರಿನಲ್ಲಿ ಬಟಾಣಿಯ ಅಡಿಯಲ್ಲಿ ಇಟ್ಟಿದ್ದೇನೆ. ಕಾಗದ ತಣ್ಣಗಿದ್ದರೆ ಕ್ಷಮಿಸಿ, ವಿಷಯಕ್ಕೆ ಅದೇ ಒಳ್ಳೆಯದು.

ಮಾವನ ವರದಿ. ವಿಮಾನ ಸಂಜೆ ಐದಕ್ಕೆ. ಮಾವ ಎರಡು ಗಂಟೆಗೆ ಹೊರಟರು. ಇಷ್ಟು ಬೇಗ ಯಾಕೆ ಎಂದೆ. "ಟ್ರಾಫಿಕ್" ಎಂದರು. ಶುಕ್ರವಾರ, ಬಿಸಿಲಲ್ಲಿ, ರಸ್ತೆಯಲ್ಲಿ ಬೆಕ್ಕು ಸಹ ಇರಲಿಲ್ಲ. ಬಟ್ಟೆ ಮಡಚುವ ಕುರ್ಚಿಯನ್ನು ಒರೆಸಿ ಟಿವಿಯ ಎದುರಿಗೆ ಇಟ್ಟಿದ್ದಾರೆ. ಅದು ತಮಗೆ. ಪಕ್ಕದಲ್ಲಿ ಅವರು ಕೂರಲು ಇನ್ನೊಂದು ಕುರ್ಚಿ ತಂದುಕೊಂಡಿದ್ದಾರೆ, ಡೋಲ್ಫಿಯಿಂದ. ಎರಡರ ಮಧ್ಯೆ ಎಸಿಯ ನೇರಕ್ಕೆ ಕೆಸುವಿನ ಬಕೆಟ್. ಅದರಲ್ಲಿ ಎಲೆ ಬಂದಿದೆ ಮಾಮಿ. ಮೂರು. ಒಂದು ನನ್ನ ಅಂಗೈಯಷ್ಟು ಅಗಲ. ಲತೀಶನ ಸೋಫಾ ಬಾಗಿಲಿನ ಹತ್ತಿರಕ್ಕೆ ಹೋಗಿದೆ, ಅದಕ್ಕೆ ದೂರಿಲ್ಲ.

ತಮ್ಮ ಪತ್ರವನ್ನು ಮಾವ ನನಗೆ ಓದಿ ಹೇಳಿದರು. "ಇಟ್ಟಿದ್ದೆ" ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಕನ್ನಡಕ ತೆಗೆದು, ಶರ್ಟಿನ ತುದಿಯಲ್ಲಿ ಒರೆಸಿದರು. ಆಮೇಲೆ ಮತ್ತೆ ಮೊದಲಿನಿಂದ ಓದಿದರು. ಹಾಗೆ ಮೂರು ಸಲ. ಕೊನೆಗೆ ಪತ್ರ ಮಡಚಿ, ನನ್ನನ್ನು ನೋಡಿ, "ಎರಡೇ ಜನರ ಹತ್ತಿರ ಕೀ ಇರುವ ಸ್ಟೋರಿನಲ್ಲಿ ಮಾಲು ಕಾಣೆಯಾದರೆ ನಾವು ಪೊಲೀಸಿಗೆ ಹೇಳುವುದಿಲ್ಲ" ಎಂದರು. ಆಮೇಲೆ "ನಿನಗೆ ಪತ್ರೊಡೆ ಇಷ್ಟ ಅಲ್ವಾ?" ಎಂದರು. ನಾನು ಶೂ ಲೇಸ್ ಕಟ್ಟಿದೆ. ಕಾಲಲ್ಲಿ ಚಪ್ಪಲಿ ಇತ್ತು.

ಗಂಡನನ್ನು ಕಡೆಗಣಿಸಿದಿರಿ ಎಂದು ತಮ್ಮ ಮೇಲೆ ಎರಡು ಪತ್ರ ತುಂಬ ದೂರು ಬರೆದವನು ನಾನು. ಬೆರಳಿನ ವಿಷಯ ಬರೆದೆ, ದಾಲ್ ವಿಷಯ ಬರೆದೆ, ಪಾಪದ ಇಸಾಬೆಲ್ ಬಾಯಿಯನ್ನೂ ಎಳೆದು ತಂದೆ. ಒಂದು ವಿಷಯ ಮಾತ್ರ ಬರೆಯಲಿಲ್ಲ.

ಏಪ್ರಿಲ್ ಹನ್ನೊಂದು. ಅಂದರೆ ನನ್ನ ಶಿಸ್ತಿನ ಬಗ್ಗೆ ತಮಗೆ ಬರೆಯುವ ಒಂದು ವಾರ ಮೊದಲು. ನಾನು ಕೆಲಸ ಮಾಡುವ ಅರ್ದಿಯಾದ ಅಂಗಡಿಯಲ್ಲಿ ಸ್ಟಾಕ್ ಇಳಿಸಿ ಹಸಿದು ಬಂದಿದ್ದೆ. ಮಾವ ಮಲಗಿದ್ದರು. ನೀಲಿ ಮುಚ್ಚಳ ಕಂಡಿತು. ಟೇಪಿನ ಮೇಲೆ ಬರೆದದ್ದನ್ನು ಓದಿದೆ, ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಒಂದೇ ತುಂಡು ಎಂದುಕೊಂಡು ಶುರು ಮಾಡಿದೆ. ಬಿಸಿ ಸಹ ಮಾಡಲಿಲ್ಲ, ಡಬ್ಬವನ್ನು ನಲ್ಲಿಯ ನೀರಿಗೆ ಹಿಡಿದು ಐಸ್ ಬಿಡಿಸಿ ಸಿಂಕಿನ ಹತ್ತಿರ ನಿಂತೇ ತಿಂದೆ. ಆ ಟೇಪನ್ನು ಎಸೆಯಲು ಮನಸ್ಸಾಗಲಿಲ್ಲ. ಈ ಕಾಗದದ ಅಡಿಯಲ್ಲಿ ಅಂಟಿಸಿದ್ದೇನೆ: "ಮೇ 22. ಇವರಿಗೆ ಮಾತ್ರ."

ನಾನು ಎರಡು ದಿನ ಅರ್ದಿಯಾದಲ್ಲಿ ಅಂಗಡಿಯ ಯೂಸುಫ್‌ನ ರೂಮಿನಲ್ಲಿ ಇರುತ್ತೇನೆ. ಸಿಟ್ಟು ಇಳಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡಿ. ಇಳಿಯದಿದ್ದರೂ ಪತ್ರೊಡೆ ಬೆಂದ ಮೇಲೆ ಕೊಡಿ.

ಮತ್ತೆ, ತಾವು ಎರಡು ತಿಂಗಳು ಯೋಚಿಸಿದ ಆ ವಿಷಯ. ಅದಕ್ಕೆ ಉತ್ತರ ಕೊಡಬಲ್ಲವನು ಪ್ರಪಂಚದಲ್ಲಿ ನಾನೊಬ್ಬನೇ. ಹುಳಿ ಸರಿಯಾಗಿತ್ತು ಮಾಮಿ. ಗಂಟಲು ತುರಿಸಲಿಲ್ಲ.

ಲತೀಶ್